ಮಲಗುವ ಕೋಣೆಯಿಂದ ಶುರು: 30×40 ಮನೆಗೆ ಹೊಗೆ ಮತ್ತು ಕಾರ್ಬನ್ ಮಾನಾಕ್ಸೈಡ್ ಅಲಾರಂ

ಹೊಗೆ ಅಲಾರಂ ತಂದರೆ ಎಲ್ಲಿ ಹಾಕೋಣ ಅಂತ ಕೇಳಿದಾಗ ಹೆಚ್ಚಿನವರು ಅಡುಗೆಮನೆ ಕಡೆ ಕೈ ತೋರಿಸುತ್ತಾರೆ. ಅಲ್ಲಿ ಹಾಕಿದ ಅಲಾರಂ ನಾಲ್ಕು ಒಗ್ಗರಣೆಗೆ ನಾಲ್ಕು ಸಲ ಕೂಗಿ, ವಾರದೊಳಗೆ ಬ್ಯಾಟರಿ ಕಳಚಿಸಿಕೊಂಡು ಡ್ರಾಯರ್ ಸೇರುತ್ತದೆ. ಒಲೆ ಮುಂದೆ ನಿಂತವರಿಗೆ ಹೊಗೆ ಕಣ್ಣಿಗೆ ಕಾಣುತ್ತದೆ, ಮೂಗಿಗೂ ಬಡಿಯುತ್ತದೆ. ಎಬ್ಬಿಸಬೇಕಾದವರು ನಿದ್ದೆಯಲ್ಲಿ ಇರುವವರು. ಗಾಢ ನಿದ್ದೆಯಲ್ಲಿ ಹೊಗೆಯ ವಾಸನೆಗೆ ಎಚ್ಚರವಾಗುತ್ತದೆ ಅಂತ ನಂಬಿಕೊಂಡು ಕೂರುವ ಹಾಗಿಲ್ಲ. ಉರಿ ಸರಿಯಾಗಿ ಉರಿಯದಾಗ ಹುಟ್ಟುವ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗಂತೂ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಆದ್ದರಿಂದ ನಾವು ಜಾಗ ಗುರುತು ಮಾಡುವುದನ್ನು ಯಾವಾಗಲೂ ಮಂಚದ ಹತ್ತಿರದಿಂದ ಶುರು ಮಾಡುತ್ತೇವೆ. ಅಡುಗೆಮನೆಯ ಸರದಿ ಕೊನೆಗೆ.

ಇಲ್ಲಿ ಹೇಳುತ್ತಿರುವುದು ಬೆಂಗಳೂರಿನಲ್ಲಿ ಎಲ್ಲರಿಗೂ ಗೊತ್ತಿರುವ ನಮೂನೆಯ ಮನೆಯ ಕೆಲಸ. 30×40 ಸೈಟು, ಕೆಳಗೊಂದು ಮಹಡಿ, ಮೇಲೊಂದು. ಕೆಳಗೆ ಹಾಲ್, ಅದಕ್ಕೆ ತೆರೆದುಕೊಂಡ ಅಡುಗೆಮನೆ, ಪಕ್ಕದಲ್ಲಿ ದೇವರಮನೆ, ಹಿರಿಯರು ಮಲಗುವ ಒಂದು ಕೋಣೆ. ಮೆಟ್ಟಿಲ ಕೆಳಗೆ ಯುಪಿಎಸ್ ಮತ್ತು ಟ್ಯೂಬುಲರ್ ಬ್ಯಾಟರಿ. ಮೇಲೆ ಎರಡು ಬೆಡ್‌ರೂಮು, ನಡುವೆ ಒಂದು ಬಚ್ಚಲು, ಬಚ್ಚಲ ಒಳಗೇ ಗ್ಯಾಸ್ ಗೀಸರ್. ಪೋರ್ಟಿಕೋದಲ್ಲಿ ಚಾರ್ಜಿಗೆ ಹಾಕುವ ಇ-ಸ್ಕೂಟರ್.

ಈ ಮನೆಯಲ್ಲಿ ಮೊದಲ ಚಿಂತೆ ಬೆಂಕಿಯಲ್ಲ, ಗೀಸರ್. ನಿಮಿಷಕ್ಕೆ 6 ಲೀಟರ್ ನೀರು ಕಾಯಿಸುವ ಗೀಸರ್ ಪೂರ್ತಿ ಉರಿಯಲ್ಲಿ ಗಂಟೆಗೆ ಸುಮಾರು 0.8ರಿಂದ 0.9 ಕೆ.ಜಿ. ಎಲ್‌ಪಿಜಿ ಸುಡುತ್ತದೆ. ಒಂದು ಕೆ.ಜಿ. ಎಲ್‌ಪಿಜಿ ಸರಿಯಾಗಿ ಉರಿಯಲು ಸುಮಾರು 12-13 ಘನ ಮೀಟರ್ ಗಾಳಿ ಬೇಕು. 5×7 ಅಡಿಯ, 9 ಅಡಿ ಎತ್ತರದ ಬಚ್ಚಲಿನಲ್ಲಿ ಇರುವುದೇ 9 ಘನ ಮೀಟರಿನಷ್ಟು ಗಾಳಿ. ಬಾಗಿಲು ಹಾಕಿ, ಚಳಿ ಅಂತ ವೆಂಟಿಲೇಟರಿಗೆ ರಟ್ಟು ಸಿಕ್ಕಿಸಿ ಅರ್ಧ ಗಂಟೆ ಬಿಸಿನೀರು ಬಿಟ್ಟುಕೊಂಡರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿಯನ್ನು ಉರಿಯೇ ಕೇಳುತ್ತದೆ. ಗಾಳಿ ಪೂರ್ತಿ ಮುಗಿಯಬೇಕೆಂದೇನೂ ಇಲ್ಲ. ಆಮ್ಲಜನಕ ಕೆಲವೇ ಪ್ರತಿಶತ ಇಳಿದರೂ ಉರಿ ಕೆಡುತ್ತದೆ, ಕಾರ್ಬನ್ ಡೈಆಕ್ಸೈಡ್ ಆಗಬೇಕಾದದ್ದು ಅರ್ಧಕ್ಕೇ ನಿಂತು ಮಾನಾಕ್ಸೈಡ್ ಆಗುತ್ತದೆ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ವಾಕರಿಕೆ, ಕಾಲಲ್ಲಿ ಬಲವಿಲ್ಲದ ಹಾಗೆ ಆಗುವುದು, ಆಮೇಲೆ ಕುಸಿದು ಬೀಳುವುದು. ಹೊರಗಿದ್ದವರು ‘ಸ್ನಾನ ಇನ್ನೂ ಮುಗಿದಿಲ್ಲವಾ’ ಅಂತ ಬಾಗಿಲು ತಟ್ಟುವ ಹೊತ್ತಿಗೆ ಕಾಲ ಮೀರಿರುತ್ತದೆ.

ಹಾಗಾಗಿ ಅಲಾರಂ ಕೊಳ್ಳುವ ಮೊದಲೇ ಹೇಳುವ ಮಾತು ಒಂದೇ: ಗೀಸರನ್ನು ಬಚ್ಚಲಿಂದ ಹೊರಗೆ ತನ್ನಿ. ಯುಟಿಲಿಟಿಯಲ್ಲೋ ಹೊರಗೋಡೆಯ ಮೇಲೋ ಕೂರಿಸಿ, ಬಿಸಿನೀರಿನ ಪೈಪು ಮಾತ್ರ ಒಳಗೆ ಬರಲಿ. ಈ ಪೈಪಿನ ಕೆಲಸ ಪ್ಲಂಬರಿಗೆ ಒಂದು ದಿನದ್ದೂ ಅಲ್ಲ. ಅದು ಆಗುವವರೆಗೆ ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ, 20 ಲೀಟರಿಗೆ ಮೂರೂವರೆ ನಿಮಿಷ ಸಾಕು, ಗೀಸರ್ ಆರಿಸಿ ಆಮೇಲೆ ಸ್ನಾನಕ್ಕೆ ಹೋಗಬೇಕು. ಉರಿ ನೀಲಿ ಬಿಟ್ಟು ಹಳದಿಗೆ ತಿರುಗಿದ್ದರೆ, ಕವಚದ ಮೇಲೆ ಮಸಿ ಕೂತಿದ್ದರೆ ಅದನ್ನು ಹಚ್ಚಲೇಬಾರದು. ಕೆಲವು ಗೀಸರ್‌ಗಳಲ್ಲಿ 20 ನಿಮಿಷಕ್ಕೆ ತಾನೇ ಆರುವ ಏರ್ಪಾಡಿದೆ. ಅದು ಸಣ್ಣ ಬಚ್ಚಲಿಗೆ ರಕ್ಷಣೆಯಲ್ಲ. ಆರಿದ ಕೂಡಲೇ ನಲ್ಲಿ ಮುಚ್ಚಿ ತೆರೆದರೆ ಅದು ಮತ್ತೆ ಹತ್ತಿಕೊಳ್ಳುತ್ತದೆ.

ಅಂಗಡಿಯಲ್ಲಿ ತಪ್ಪುವುದು ಎಲ್ಲಿ ಅಂದರೆ, ‘ಸ್ಮೋಕ್ ಡಿಟೆಕ್ಟರ್’ ಅಂತ ಕೇಳಿದಾಗ ಎಸ್‌ಪಿ ರೋಡಿನಲ್ಲಾಗಲಿ ಆನ್‌ಲೈನಿನಲ್ಲಾಗಲಿ ಬಹಳ ಸಲ ಕೈಗೆ ಬರುವುದು ಪ್ಯಾನೆಲ್‌ಗೆ, ಅಂದರೆ ಇಡೀ ಕಟ್ಟಡದ ಬೆಂಕಿ ಅಲಾರಂ ನಡೆಸುವ ಪೆಟ್ಟಿಗೆಗೆ, ಜೋಡಿಸುವ ಡಿಟೆಕ್ಟರ್. ಕಚೇರಿ, ಆಸ್ಪತ್ರೆ, ಎತ್ತರದ ಅಪಾರ್ಟ್‌ಮೆಂಟುಗಳಲ್ಲಿ ಹಾಕುವಂಥದ್ದು. ಬೆಲೆ ಕಡಿಮೆ, ನೋಡಲು ಅದೇ ಬಿಳಿ ಬಟ್ಟಲು. ಆದರೆ ಅದಕ್ಕೆ ಎರಡು ತಂತಿಯಲ್ಲಿ ಪ್ಯಾನೆಲಿನಿಂದ 24 ವೋಲ್ಟಿನ ಆಸುಪಾಸಿನ ಡಿಸಿ ಬರಬೇಕು, ಒಳಗೆ ಸೈರನ್ ಇರುವುದಿಲ್ಲ, ಕೆಂಪು ಎಲ್‌ಇಡಿ ಒಂದೇ. ಮನೆಗೆ ತಂದು ತಾರಸಿಯ ಒಳಮೈಗೆ, ಅಂದರೆ ಸೀಲಿಂಗಿಗೆ, ಅಂಟಿಸಿದರೆ ಅದು ಅಲಂಕಾರ. ಕೇಳಬೇಕಾದದ್ದು ‘ಸ್ಟ್ಯಾಂಡ್‌ಅಲೋನ್ ಸ್ಮೋಕ್ ಅಲಾರಂ’: ಸೆನ್ಸರ್, ಬ್ಯಾಟರಿ, ಸೈರನ್ ಮೂರೂ ಒಂದೇ ಡಬ್ಬದಲ್ಲಿ ಇರುವುದು. ಟೆಸ್ಟ್ ಬಟನ್ ಇದೆಯೇ, 3 ಮೀಟರ್ ದೂರಕ್ಕೆ 85 ಡೆಸಿಬೆಲ್ ಅಂತ ಬರೆದಿದೆಯೇ ನೋಡಿ.

ಅಲಾರಂನ ಬೆನ್ನ ಮೇಲಿನ ಅಕ್ಷರಗಳನ್ನು ಓದದೆ ದುಡ್ಡು ಕೊಡಬೇಡಿ. ಇಎನ್ ಅಂದರೆ ಯುರೋಪಿನ ಮಾನದಂಡ, ಯುಎಲ್ ಅಂದರೆ ಅಮೆರಿಕದ ಪರೀಕ್ಷಾ ಸಂಸ್ಥೆಯದ್ದು. ಮನೆಬಳಕೆಯ ಹೊಗೆ ಅಲಾರಂ ಆದರೆ ಇಎನ್ 14604 ಅಥವಾ ಯುಎಲ್ 217, ಕಾರ್ಬನ್ ಮಾನಾಕ್ಸೈಡಿಗೆ ಇಎನ್ 50291 ಅಥವಾ ಯುಎಲ್ 2034. ಬರೀ ‘ಸಿಇ’ ಅನ್ನುವ ಯುರೋಪಿನ ಗುರುತು ಮುದ್ರಿಸುವುದು ಯಾರಿಗೂ ಕಷ್ಟವಲ್ಲ. ಇಎನ್ 14604ರ ಅಲಾರಂನಲ್ಲಿ ಸಿಇ ಗುರುತಿನ ಜೊತೆಗೆ ಪರೀಕ್ಷೆ ಒಪ್ಪಿದ ಸಂಸ್ಥೆಯ ನಾಲ್ಕಂಕಿಯ ಸಂಖ್ಯೆ ಇರಬೇಕು. ಯುಎಲ್ ಗುರುತಿದ್ದರೆ ಆ ಸಂಸ್ಥೆಯ ಜಾಲತಾಣದಲ್ಲಿ ತಯಾರಕರ ಹೆಸರು ಹುಡುಕಿ ಖಾತ್ರಿ ಮಾಡಿಕೊಳ್ಳಬಹುದು. ಐಎಸ್ 2189 ಅನ್ನುವ ನಮ್ಮ ಸಂಹಿತೆ ಇದೆ, ಅದು ಕಟ್ಟಡದ ಪ್ಯಾನೆಲ್ ವ್ಯವಸ್ಥೆಯನ್ನು ಆಯ್ದು ಹಾಕುವ ಕ್ರಮಕ್ಕೆ ಸಂಬಂಧಿಸಿದ್ದು. ಅದರ ಹೆಸರು ಹೇಳಿ ಯಾರಾದರೂ ಬ್ಯಾಟರಿ ಅಲಾರಂ ಮಾರಿದರೆ ಅಷ್ಟಕ್ಕೇ ಸಮಾಧಾನಪಡಬೇಡಿ. ತಯಾರಾದ ದಿನಾಂಕವನ್ನೂ ನೋಡಬೇಕು. ಹೊಗೆ ಅಲಾರಂನ ಆಯುಸ್ಸು 10 ವರ್ಷ, ಕಾರ್ಬನ್ ಮಾನಾಕ್ಸೈಡ್ ಅಲಾರಂನದ್ದು ಮಾದರಿಯ ಪ್ರಕಾರ 5ರಿಂದ 10 ವರ್ಷ. ಹೊಗೆ ಅಲಾರಂನಲ್ಲಿ ಈ ಲೆಕ್ಕ ತಯಾರಾದ ದಿನದಿಂದ ಓಡುತ್ತದೆ. ಮೂರು ವರ್ಷ ಕಪಾಟಿನಲ್ಲಿ ಕೂತ ಮಾಲಿಗೆ ಹೊಸದರ ಬೆಲೆ ಕೊಡುವುದು ಬೇಡ.

ಹೊಗೆ ಹಿಡಿಯುವುದರಲ್ಲಿ ಎರಡು ಬಗೆ. ಫೋಟೋಎಲೆಕ್ಟ್ರಿಕ್ ಬಗೆಯಲ್ಲಿ ಕತ್ತಲೆ ಗೂಡಿನೊಳಗಿನ ಬೆಳಕು ಹೊಗೆಯ ಕಣಕ್ಕೆ ಬಡಿದು ಚದುರಿದಾಗ ಸೆನ್ಸರ್ ಎಚ್ಚರಗೊಳ್ಳುತ್ತದೆ. ಅಯಾನೈಸೇಶನ್ ಬಗೆಯಲ್ಲಿ ವಿಕಿರಣ ಬಿಡುವ ಅಮೆರಿಸಿಯಂ-241ರ ತುಣುಕು ಇರುತ್ತದೆ, ಜ್ವಾಲೆ ಎದ್ದು ಉರಿಯುವ ಬೆಂಕಿಗೆ ಅದು ಚುರುಕು. ನಮ್ಮ ಮನೆಗಳಲ್ಲಿ ರಾತ್ರಿಯ ಬೆಂಕಿ ಹೆಚ್ಚಾಗಿ ನಿಧಾನವಾಗಿ ಸುಡುವಂಥದ್ದು: ಹತ್ತಿ ಹಾಸಿಗೆಗೆ ತಾಗಿದ ಸೊಳ್ಳೆಬತ್ತಿ, ಸ್ವಿಚ್‌ಬೋರ್ಡಿನ ಸಡಿಲ ತಂತಿ, ಆರದೆ ಉಳಿದ ದೀಪದ ಬತ್ತಿ. ಗಂಟೆಗಟ್ಟಲೆ ಹೊಗೆಯಾಡಿ ಆಮೇಲೆ ಹತ್ತಿಕೊಳ್ಳುವ ಇಂಥದ್ದನ್ನು ಫೋಟೋಎಲೆಕ್ಟ್ರಿಕ್ ಬೇಗ ಹಿಡಿಯುತ್ತದೆ, ಒಗ್ಗರಣೆಗೆ ಸುಮ್ಮನೆ ಕೂಗುವುದೂ ಕಡಿಮೆ. ಹಾಗಾಗಿ ನಾವು ಹಾಕುವುದು ಅದನ್ನೇ.

ಕಾರ್ಬನ್ ಮಾನಾಕ್ಸೈಡ್ ಅಲಾರಂನಲ್ಲಿ ಎಲೆಕ್ಟ್ರೋಕೆಮಿಕಲ್ ಸೆನ್ಸರ್ ಇರಬೇಕು. ಇದು ಹೊಗೆ ಅಲಾರಂನ ಹಾಗೆ ಕಂಡ ಕೂಡಲೇ ಕೂಗುವುದಿಲ್ಲ, ಪ್ರಮಾಣ ಮತ್ತು ಸಮಯ ಎರಡನ್ನೂ ಕೂಡಿಸಿ ನೋಡುತ್ತದೆ. ಇಎನ್ 50291ರ ಪ್ರಕಾರ 50 ಪಿಪಿಎಂ ಇದ್ದರೆ 60ರಿಂದ 90 ನಿಮಿಷದೊಳಗೆ, 100 ಪಿಪಿಎಂಗೆ 10ರಿಂದ 40 ನಿಮಿಷದೊಳಗೆ, 300 ಪಿಪಿಎಂಗೆ 3 ನಿಮಿಷದೊಳಗೆ ಕೂಗಬೇಕು. ಪಿಪಿಎಂ ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಅಷ್ಟು ಪಾಲು. ಅಂಕಿ ತೋರಿಸುವ ಪರದೆ ಇರುವುದನ್ನೇ ಕೊಳ್ಳಿ. ಪರದೆಯ ಮೇಲೆ ದಿನಾ ಬೆಳಿಗ್ಗೆ 20-30 ಕಾಣುತ್ತಿದ್ದರೆ ಅಲಾರಂ ಕೂಗದಿದ್ದರೂ ಗೀಸರ್ ಕೆಟ್ಟಿದೆ ಅಂತ ಮೊದಲೇ ತಿಳಿಯುತ್ತದೆ.

ಇದರ ಜೊತೆ ಗೊಂದಲವಾಗುವ ಮೂರನೇ ವಸ್ತು ಗ್ಯಾಸ್ ಲೀಕ್ ಅಲಾರಂ. ಅದು ಉರಿಯದ ಗ್ಯಾಸನ್ನು ಹಿಡಿಯುತ್ತದೆ, ಮಾನಾಕ್ಸೈಡನ್ನಲ್ಲ. ಸಿಲಿಂಡರಿನ ಎಲ್‌ಪಿಜಿ ಗಾಳಿಗಿಂತ ಭಾರ, ಆದ್ದರಿಂದ ನೆಲದಿಂದ 30 ಸೆಂ.ಮೀ. ಒಳಗೆ. ಬೆಂಗಳೂರಿನ ಹಲವು ಬಡಾವಣೆಗಳಿಗೆ ಗೇಲ್ ಗ್ಯಾಸ್ ಪೈಪಿನಲ್ಲಿ ಕೊಡುವ ನೈಸರ್ಗಿಕ ಅನಿಲ ಹೆಚ್ಚಾಗಿ ಮೀಥೇನ್, ಹಗುರ, ಆದ್ದರಿಂದ ತಾರಸಿಯಿಂದ 30 ಸೆಂ.ಮೀ. ಒಳಗೆ. ಸಿಲಿಂಡರ್ ಬಿಟ್ಟು ಪೈಪಿಗೆ ಬದಲಾದ ಮನೆಗಳಲ್ಲಿ ಹಳೆಯ ಅಲಾರಂ ಕೆಳಗೇ ಉಳಿದಿರುತ್ತದೆ. ಅದನ್ನು ಮೇಲಕ್ಕೆ ಸರಿಸಬೇಕು, ಮೀಥೇನಿಗೂ ಅದು ಆಗುತ್ತದೆಯೇ ಅಂತ ಕೈಪಿಡಿ ನೋಡಬೇಕು. ಕಾರ್ಬನ್ ಮಾನಾಕ್ಸೈಡಿನ ತೂಕ ಗಾಳಿಯ ತೂಕಕ್ಕೆ ಹೆಚ್ಚುಕಡಿಮೆ ಸಮ. ಅದು ಮೇಲೂ ನಿಲ್ಲದು, ಕೆಳಗೂ ಕೂರದು, ಬೆರೆತು ಹರಡುತ್ತದೆ.

ಈಗ ಜಾಗ. ಈ ಮನೆಗೆ ನಾವು ಲೆಕ್ಕ ಹಾಕಿದ್ದು ಐದು ಹೊಗೆ ಅಲಾರಂ, ಎರಡು ಕಾರ್ಬನ್ ಮಾನಾಕ್ಸೈಡ್ ಅಲಾರಂ. ಮೂರು ಮಲಗುವ ಕೋಣೆಗೆ ಮೂರು, ಮೇಲೆ ಮೆಟ್ಟಿಲು ಮುಗಿಯುವಲ್ಲಿ ಒಂದು, ಕೆಳಗೆ ಹಾಲಿನಲ್ಲಿ ಒಂದು. ಬೆಂಕಿ ಬಿದ್ದಾಗ ಹೊಗೆ ಮೇಲಕ್ಕೆ ಹೋಗುವ ದಾರಿ ಮೆಟ್ಟಿಲೇ, ಅಲ್ಲಿ ಒಂದು ಇಲ್ಲದೆ ನಡೆಯದು. ಹಾಲಿನದ್ದು ಒಲೆಯಿಂದ ಕಡಿಮೆ ಎಂದರೆ 3 ಮೀಟರ್ ದೂರ, ದೇವರಮನೆಯ ಬಾಗಿಲಿಗೆ ನೇರವಾಗಿ ಅಲ್ಲ. ಸಾಂಬ್ರಾಣಿ ಹೊಗೆಯನ್ನೂ ಸೋಫಾ ಹೊಗೆಯನ್ನೂ ಯಾವ ಸೆನ್ಸರೂ ಬೇರೆ ಮಾಡಲಾರದು. ಶುಕ್ರವಾರ ಧೂಪ ಹಾಕುವ ಮನೆಯಾದರೆ ‘ಹಶ್’ ಬಟನ್ ಇರುವ ಮಾದರಿ ತನ್ನಿ. ಕೆಲವು ನಿಮಿಷ ಅದು ಸುಮ್ಮನಾಗಿ ತಾನೇ ಮತ್ತೆ ಎಚ್ಚರಗೊಳ್ಳುತ್ತದೆ. ಬ್ಯಾಟರಿ ತೆಗೆಯುವ ಪ್ರಮೇಯ ಬರುವುದಿಲ್ಲ. ಅಡುಗೆಮನೆಯೊಳಗೆ ಹೊಗೆ ಅಲಾರಂ ಬೇಡವೇ ಬೇಡ. ಹಾಕಲೇಬೇಕಾದರೆ ಶಾಖ ಹಿಡಿಯುವ ಹೀಟ್ ಅಲಾರಂ, ಅದು 60 ಡಿಗ್ರಿಯ ಆಸುಪಾಸಿನಲ್ಲಿ ಕೂಗುತ್ತದೆ. ಹಸಿಮೆಣಸಿನಕಾಯಿ ಘಾಟಿಗೆ ಅದು ಮಿಸುಕುವುದಿಲ್ಲ.

ಕೋಣೆಯೊಳಗೆ ತಾರಸಿಯ ನಡುಭಾಗ ಒಳ್ಳೆಯದು ಅಂತ ಪುಸ್ತಕ ಹೇಳುತ್ತದೆ, ಆದರೆ ನಮ್ಮಲ್ಲಿ ನಡುವೆ ಫ್ಯಾನ್ ಇರುತ್ತದೆ. ಫ್ಯಾನಿನ ಗಾಳಿ ಹೊಗೆಯನ್ನು ಅಲಾರಂ ಹತ್ತಿರ ಸೇರಲು ಬಿಡುವುದಿಲ್ಲ. ರೆಕ್ಕೆಯ ತುದಿಯಿಂದ 3 ಅಡಿ ಆಚೆಗೆ ಇರಬೇಕು. ಎಸಿಯ ಗಾಳಿ ನೇರ ಬೀಳುವ ಜಾಗ, ಬಚ್ಚಲ ಬಾಗಿಲಿಂದ 3 ಅಡಿಯ ಒಳಗೆ, ಗೋಡೆಯೂ ತಾರಸಿಯೂ ಕೂಡುವ ಮೂಲೆಯ 10 ಸೆಂ.ಮೀ. ಇವು ಬೇಡ. ಮೇಲಿನ ಮಹಡಿಗೆ ಇನ್ನೊಂದು ವಿಷಯ ಇದೆ. ಏಪ್ರಿಲ್ ತಿಂಗಳಲ್ಲಿ ಬಿಸಿಲಿಗೆ ಕಾದ ಮೋಲ್ಡಿನ ಕೆಳಗೆ ಬಿಸಿಗಾಳಿಯ ಪದರ ನಿಲ್ಲುತ್ತದೆ. ನಿಧಾನದ ತಣ್ಣನೆಯ ಹೊಗೆ ಆ ಪದರವನ್ನು ದಾಟಿ ತಾರಸಿ ಮುಟ್ಟದೆ ಅದರ ಕೆಳಗೇ ಹರಡುತ್ತದೆ. ಆದ್ದರಿಂದ ಮೇಲಿನ ಎರಡು ಕೋಣೆಗಳಲ್ಲಿ ಒಳಗೋಡೆಯ ಮೇಲೆ, ತಾರಸಿಯಿಂದ 15ರಿಂದ 30 ಸೆಂ.ಮೀ. ಕೆಳಗೆ ಹಾಕಿದ್ದು. ಕೆಳಗಿನ ಮಹಡಿಯಲ್ಲಿ ತಾರಸಿಗೇ ಹಾಕಿದ್ದು.

ಕಾರ್ಬನ್ ಮಾನಾಕ್ಸೈಡ್ ಅಲಾರಂ ಬಚ್ಚಲ ಒಳಗೆ ಹಾಕಬಾರದು. ಹಬೆ ಕೂತು ಸೆನ್ಸರ್ ಕೆಡುತ್ತದೆ. ಬಾಗಿಲ ಹೊರಗೆ, ಹಬೆ ನೇರ ಬಡಿಯದ ಹಾಗೆ ಒಂದೆರಡು ಮೀಟರ್ ಸರಿದು ಒಂದು. ಇನ್ನೊಂದು ಬಚ್ಚಲಿಗೆ ಹತ್ತಿರದ ಬೆಡ್‌ರೂಮಿನಲ್ಲಿ, ಮಲಗಿದವರ ಮೂಗಿನ ಮಟ್ಟಕ್ಕೆ, ಪರದೆ ಅಥವಾ ಬೀರು ಅಡ್ಡ ಬರದ ಕಡೆ. ಆದರೆ ತಿಳಿದಿರಲಿ, ಬಾಗಿಲು ಹಾಕಿಕೊಂಡು ಸ್ನಾನ ಮಾಡುವವರನ್ನು ಹೊರಗಿನ ಅಲಾರಂ ಸಮಯಕ್ಕೆ ಉಳಿಸುತ್ತದೆ ಅನ್ನಲಾಗದು. ಗೀಸರ್ ಹೊರಗೆ ಬರಲೇಬೇಕು ಅಂದದ್ದು ಇದಕ್ಕೇ.

ಮೆಟ್ಟಿಲ ಕೆಳಗಿನ ಯುಪಿಎಸ್ ಹತ್ತಿರ ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಕಿದರೆ ಅದು ಮಾನಾಕ್ಸೈಡ್ ಇಲ್ಲದೆಯೂ ಕೂಗಿ ಮನೆಯವರನ್ನು ಗಾಬರಿಪಡಿಸುತ್ತದೆ. ಕಾರಣ ಇದೆ: ಲೆಡ್-ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಎಲೆಕ್ಟ್ರೋಕೆಮಿಕಲ್ ಸೆನ್ಸರ್ ಹೈಡ್ರೋಜನನ್ನು ಮಾನಾಕ್ಸೈಡ್ ಅಂತ ಓದುತ್ತದೆ. ಉದ್ದ ಕರೆಂಟ್ ಹೋಗಿ ಬಂದ ಮೇಲೆ, ಚಾರ್ಜು ತುಂಬುವ ಕೊನೆಯ ಹಂತದಲ್ಲೇ ಇದು ಹೆಚ್ಚು. ಕೂಗು ಯಾವಾಗಲೂ ಪವರ್ ಕಟ್ ಮಾರನೆಯ ಹೊತ್ತಿಗೇ ಬರುತ್ತಿದ್ದರೆ ಮೊದಲು ಬ್ಯಾಟರಿಯನ್ನು ಅನುಮಾನಿಸಿ, ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿ. ಹಾಗಂತ ಹಿಂದಿನ ರಾತ್ರಿ ಗೀಸರ್ ಉರಿದಿದ್ದರೆ ಆ ಕೂಗನ್ನು ಬ್ಯಾಟರಿಯ ಮೇಲೆ ಹಾಕಬೇಡಿ. ಪೇಂಟು, ಥಿನ್ನರ್, ವಾರ್ನಿಷ್, ಸ್ಯಾನಿಟೈಸರಿನ ಆವಿಗೂ ಈ ಸೆನ್ಸರ್ ಮೋಸ ಹೋಗುತ್ತದೆ.

ತೂತು ಕೊರೆಯುವುದು ಅರ್ಧ ಗಂಟೆಯ ಕೆಲಸವಾದರೂ ಅವಸರ ಮಾಡಬಾರದು. ಆರ್‌ಸಿಸಿಗೆ ಹ್ಯಾಮರ್ ಡ್ರಿಲ್, 6 ಎಂಎಂ ಬಿಟ್, 6 ಎಂಎಂ ಪ್ಲಗ್, ಬ್ರಾಕೆಟಿಗೆ ಎರಡು ಸ್ಕ್ರೂ. ಬಿಟ್‌ನ ಮೇಲೆ 35 ಎಂಎಂಗೆ ಟೇಪ್ ಸುತ್ತಿ ಗುರುತು ಮಾಡಿ, ಅದಕ್ಕಿಂತ ಆಳ ಬೇಡ. ನಮ್ಮ ಮೋಲ್ಡುಗಳೊಳಗೆ ಪಿವಿಸಿ ಕಂಡ್ಯೂಟ್ ಪೈಪುಗಳು ಫ್ಯಾನ್ ಬಾಕ್ಸಿನಿಂದ ಸ್ವಿಚ್‌ಬೋರ್ಡಿನ ಗೋಡೆಗೆ, ಒಂದು ಲೈಟ್ ಪಾಯಿಂಟಿನಿಂದ ಇನ್ನೊಂದಕ್ಕೆ ಓರೆಯಾಗಿಯೂ ಹೋಗಿರುತ್ತವೆ. ಆ ಎರಡು ಬಿಂದುಗಳ ನಡುವಿನ ಗೆರೆಯಲ್ಲಿ ಡ್ರಿಲ್ ಇಡಬೇಡಿ, ಕೊರೆಯುವ ಕೋಣೆಯ ಎಂಸಿಬಿ ಇಳಿಸಿ, ಡ್ರಿಲ್ಲಿಗೆ ಬೇರೆ ಕೋಣೆಯಿಂದ ಕರೆಂಟ್ ಎಳೆಯಿರಿ. ಕಬ್ಬಿಣ ಸಿಕ್ಕರೆ ಒತ್ತಬೇಡಿ, ಒಂದಿಂಚು ಸರಿಸಿ. ಧೂಳು ಪೂರ್ತಿ ಕೂತು, ನೆಲ ಒರೆಸಿದ ಮೇಲೇ ಅಲಾರಂನ ಪ್ಲಾಸ್ಟಿಕ್ ಮುಸುಕು ತೆಗೆಯಿರಿ. ಸಿಮೆಂಟ್ ಧೂಳು ಹೊಗೆಯ ಗೂಡಿಗೆ ಹೋದರೆ ಮೊದಲ ದಿನದಿಂದಲೇ ಸುಳ್ಳು ಕೂಗು ಶುರು. ಜಿಪ್ಸಂ ಸೀಲಿಂಗಿಗೆ ಬಟರ್‌ಫ್ಲೈ ಪ್ಲಗ್ ಬೇಕು. ಎರಡು ಬದಿಯ ಅಂಟು ಟೇಪ್ ನಂಬಬೇಡಿ, ಮಳೆಗಾಲದಲ್ಲಿ ಪುಟ್ಟಿ ಸಮೇತ ಕಳಚಿ ಬೀಳುತ್ತದೆ.

ಅಲಾರಂಗಳು ಒಂದಕ್ಕೊಂದು ವೈರ್‌ಲೆಸ್ ಆಗಿ ಮಾತಾಡುವ ಮಾದರಿಯಾದರೆ ಎರಡು ಮಹಡಿಯ ಮನೆಗೆ ಆ ಹೆಚ್ಚಿನ ಖರ್ಚು ಸಾರ್ಥಕ. ಕೆಳಗೆ ಹಾಲಿನಲ್ಲಿ ಕೂಗಿದ್ದು ಮೇಲೆ ಬಾಗಿಲು ಹಾಕಿ ಮಲಗಿದವರಿಗೆ ಕೇಳದು. ಕಬ್ಬಿಣ ತುಂಬಿದ ಮೋಲ್ಡು ಸಿಗ್ನಲನ್ನು ನುಂಗುತ್ತದೆ, ಆದ್ದರಿಂದ ಜೋಡಣೆಯನ್ನು ಮೇಜಿನ ಮೇಲೆ ಮಾಡಿ ಮುಗಿಸದೆ, ಎಲ್ಲವನ್ನೂ ಜಾಗದಲ್ಲಿ ಕೂರಿಸಿದ ಮೇಲೆ ಎಲ್ಲ ಬಾಗಿಲು ಹಾಕಿ ಒಂದೊಂದರ ಬಟನ್ ಒತ್ತಿ ಉಳಿದವು ಕೂಗುತ್ತವೆಯೇ ನೋಡಬೇಕು. ಹಿರಿಯರ ಕೋಣೆಯ ಬಗ್ಗೆ ಹೆಚ್ಚು ಕಾಳಜಿ ಬೇಕು. ಸಾಮಾನ್ಯ ಅಲಾರಂನ ದನಿ 3,000 ಹರ್ಟ್ಜ್‌ನ ಸುತ್ತಮುತ್ತಲಿನ ಕೀರಲು ದನಿ, ವಯಸ್ಸಾದ ಕಿವಿ ಮೊದಲು ಕಳೆದುಕೊಳ್ಳುವುದೇ ಈ ಎತ್ತರದ ದನಿಯನ್ನು. 520 ಹರ್ಟ್ಜ್‌ನ ತಗ್ಗು ದನಿಯ ಮಾದರಿ ಸಿಕ್ಕರೆ ಅವರ ಕೋಣೆಗೆ ಅದು. ಸಿಗದಿದ್ದರೆ ಜೋಡಣೆಯಾದ ಅಲಾರಂ ಕೇಳಿ ಅವರನ್ನು ಎಬ್ಬಿಸುವವರು ಯಾರು ಅಂತ ಮನೆಯಲ್ಲಿ ಮೊದಲೇ ಗೊತ್ತುಮಾಡಿಕೊಳ್ಳಿ.

ಅಮೆರಿಕದಿಂದ ಬರುವ ಮಕ್ಕಳ ಕೈಲಿ ತರಿಸುವವರಿಗೆ: ಬ್ಯಾಟರಿಯದ್ದನ್ನೇ ತರಿಸಿ. ಅಲ್ಲಿನ ತಂತಿ ಜೋಡಿಸುವ ಅಲಾರಂ 120 ವೋಲ್ಟಿನದ್ದು, ನಮ್ಮ 230ಕ್ಕೆ ಸುಟ್ಟುಹೋಗುತ್ತದೆ. ವೈರ್‌ಲೆಸ್ ಜೋಡಣೆಯ ತರಂಗಾಂತರವೂ ಇಲ್ಲಿನದ್ದಲ್ಲ.

ಮಲೆನಾಡಿನ ಹೆಂಚಿನ ಮನೆಗೆ ಈ ಲೆಕ್ಕ ಪೂರ್ತಿ ಹೊಂದುವುದಿಲ್ಲ. ಹೆಂಚಿನ ಸಂದಿಯಲ್ಲಿ ಹೊಗೆ ಹೊರಟುಹೋಗುತ್ತದೆ, ಜೇಡ ಮತ್ತು ಸಣ್ಣ ಹುಳ ಅಲಾರಂನ ಗೂಡಿನೊಳಗೆ ಸೇರುತ್ತವೆ. ಮರದ ಮುಚ್ಚಿಗೆ ಇರುವ ಮಲಗುವ ಕೋಣೆಗೆ ಮಾತ್ರ ಹೊಗೆ ಅಲಾರಂ ಹಾಕಿ. ಹಂಡೆ ಒಲೆಯ ಬಚ್ಚಲ ಹತ್ತಿರ ಬೇಡ. ಆದರೆ ಚಳಿಗಾಲದಲ್ಲಿ ಅಗ್ಗಿಷ್ಟಿಕೆಯ ಕೆಂಡವನ್ನು ಕೋಣೆಯೊಳಗೆ ಇಟ್ಟು ಕಿಟಕಿ ಮುಚ್ಚುವ ಮನೆ, ಹೋಂಸ್ಟೇ, ಟೆಂಟುಗಳಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲೇಬೇಕು. ಹೊಗೆ ಬಿಡದ, ಕೆಂಪಗೆ ಉರಿಯುವ ಇದ್ದಿಲೇ ಈ ಅನಿಲವನ್ನು ಹೆಚ್ಚು ಬಿಡುವುದು. ಕೆಂಡ ಹೊರಗೆ ಇಟ್ಟು ಮಲಗುವುದಕ್ಕೆ ಅಲಾರಂ ಬದಲಿಯಲ್ಲ.

ತಿಂಗಳಿಗೊಮ್ಮೆ ಟೆಸ್ಟ್ ಬಟನ್, ಕೈ ಎಟುಕದಿದ್ದರೆ ಪೊರಕೆಯ ಹಿಡಿಯಿಂದ ಒತ್ತಿ. ಮಾನಾಕ್ಸೈಡ್ ಅಲಾರಂನಲ್ಲಿ ಆ ಬಟನ್ ಬ್ಯಾಟರಿ, ಸೈರನ್, ಸರ್ಕ್ಯೂಟ್ ಮಾತ್ರ ನೋಡುತ್ತದೆ, ಸೆನ್ಸರ್ ಅನಿಲ ಹಿಡಿಯುತ್ತದೆಯೇ ಅನ್ನುವುದನ್ನಲ್ಲ. ಆಯುಸ್ಸು ಮುಗಿದದ್ದನ್ನು ಬದಲಾಯಿಸಲೇಬೇಕು ಅನ್ನುವುದು ಅದಕ್ಕೇ. ನಿಮಿಷಕ್ಕೊಮ್ಮೆ ‘ಟಿಕ್’ ಅಂತ ಒಂದೇ ಚಿಲಿಪಿಲಿ ಬಂದರೆ ಬ್ಯಾಟರಿ ಇಳಿದಿದೆ. ಇದು ಹೆಚ್ಚಾಗಿ ಬೆಳಗಿನ ಜಾವ ಶುರುವಾಗುತ್ತದೆ, ತಂಪಿಗೆ ಬ್ಯಾಟರಿಯ ವೋಲ್ಟೇಜ್ ಇಳಿಯುವುದರಿಂದ. ಕೈಪಿಡಿಯಲ್ಲಿ ಹೇಳಿದ ಆಲ್ಕಲೈನ್ ಅಥವಾ ಲಿಥಿಯಂ ಹಾಕಿ, ರೀಚಾರ್ಜ್ ಮಾಡುವ ಬ್ಯಾಟರಿ ಬೇಡ. ಪಾಲಿಕೆಯವರು ಸೊಳ್ಳೆಗೆ ಫಾಗಿಂಗ್ ಮಾಡುವ ಸಂಜೆ ಮತ್ತು ದೀಪಾವಳಿಯಲ್ಲಿ ಕಿಟಕಿ ಹಾಕಿಟ್ಟರೆ ಕೂಗು ಕಡಿಮೆ. ಆಮೇಲೆ ಒಣ ಬ್ರಷ್ಷಿನಿಂದ ಜಾಲರಿ ಒರೆಸಿ. ಸುಣ್ಣಬಣ್ಣದ ಹೊತ್ತಿಗೆ ಕಳಚಿಟ್ಟು, ಮುಗಿದ ದಿನವೇ ಮತ್ತೆ ಸಿಕ್ಕಿಸಿ. ಅಪಾರ್ಟ್‌ಮೆಂಟಿನಲ್ಲಿ ಕಟ್ಟಡದವರು ಹಾಕಿದ ಡಿಟೆಕ್ಟರ್ ಇದ್ದರೆ ಅದರ ಮುಸುಕು ಇನ್ನೂ ಉಳಿದಿದೆಯೇ, ಇಂಟೀರಿಯರ್ ಮಾಡಿಸಿದಾಗ ಫಾಲ್ಸ್ ಸೀಲಿಂಗಿನ ಒಳಗೆ ಸೇರಿಹೋಗಿದೆಯೇ ಇವತ್ತೇ ನೋಡಿ.

ಹೊಗೆಗೆ ಮೂರು ಮೂರು ಕೂಗು, ಕಾರ್ಬನ್ ಮಾನಾಕ್ಸೈಡಿಗೆ ನಾಲ್ಕು ನಾಲ್ಕು. ಯುಎಲ್ ಮಾದರಿಗಳಲ್ಲಿ ಇದೇ ಕ್ರಮ. ಬೇರೆಯವುಗಳಲ್ಲಿ ಕೈಪಿಡಿ ನೋಡಿ ಮನೆಯವರಿಗೆಲ್ಲ ಒಮ್ಮೆ ಕೇಳಿಸಿ. ಜೊತೆಗೆ ಹೊರಹೋಗುವ ದಾರಿ ಇರಬೇಕು. ನಮ್ಮ ಕಿಟಕಿಗಳಿಗೆಲ್ಲ ಗ್ರಿಲ್, ಮುಂಬಾಗಿಲ ಗ್ರಿಲ್ಲಿಗೆ ಒಳಗಿನಿಂದ ಬೀಗ. ಕತ್ತಲಲ್ಲಿ ಹೊಗೆಯ ನಡುವೆ ಕೀಲಿ ಹುಡುಕುವಂತಾಗಬಾರದು. ಒಳಗಿನಿಂದ ಬೀಗದ ಬದಲು ಚಿಲಕ ಹಾಕಿಸಿ, ಇಲ್ಲವೇ ಕೀಲಿಯನ್ನು ಬಾಗಿಲ ಪಕ್ಕದ ಮೊಳೆಗೆ, ಹೊರಗಿನಿಂದ ಕೈಗೆ ಸಿಗದ ಹಾಗೆ ನೇತುಹಾಕಿ. ಮೇಲಿನ ಮಹಡಿಯ ಒಂದು ಗ್ರಿಲ್ಲಾದರೂ ತೆರೆಯುವಂತಿರಲಿ. ಅಗ್ನಿಶಾಮಕಕ್ಕೆ 101 ಅಥವಾ 112.

ನಾಲ್ಕರ ಕೂಗು ಬಂದರೆ ಗೀಸರ್ ಆರಿಸಿ, ಕೈಗೆ ಸಿಕ್ಕ ಬಾಗಿಲು ತೆರೆಯುತ್ತ ಎಲ್ಲರೂ ಹೊರಗೆ. ಬಚ್ಚಲಲ್ಲಿ ಯಾರಾದರೂ ಇದ್ದರೆ ಬಾಗಿಲು ಒಡೆದಾದರೂ ಹೊರಗೆಳೆಯಿರಿ, ಒಳಗೆ ನಿಂತು ಉಪಚಾರ ಮಾಡಬೇಡಿ. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರನ್ನು ಬೆರಳಿಗೆ ಸಿಕ್ಕಿಸಿ 98 ಬಂತು ಅಂತ ಸಮಾಧಾನಪಡಬೇಡಿ. ಅದು ಆಮ್ಲಜನಕ ಹಿಡಿದ ಹಿಮೋಗ್ಲೋಬಿನ್ನನ್ನೂ ಮಾನಾಕ್ಸೈಡ್ ಹಿಡಿದದ್ದನ್ನೂ ಬೇರೆ ಮಾಡಲಾರದು, ಸಾಯುವ ಸ್ಥಿತಿಯಲ್ಲೂ ಒಳ್ಳೆಯ ಅಂಕಿ ತೋರಿಸಬಲ್ಲದು. 108ಕ್ಕೆ ಕರೆ ಮಾಡಿ, ಆಸ್ಪತ್ರೆಯಲ್ಲಿ ‘ಗ್ಯಾಸ್ ಗೀಸರ್ ಇತ್ತು, ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಗಿತು’ ಅಂತ ಮೊದಲ ಮಾತಿಗೇ ಹೇಳಿ. ರಕ್ತದಲ್ಲಿ ಕಾರ್ಬಾಕ್ಸಿಹಿಮೋಗ್ಲೋಬಿನ್ ಪರೀಕ್ಷೆ ಮಾಡಬೇಕು ಅನ್ನುವುದು ಆ ಒಂದು ವಾಕ್ಯದಿಂದ ಅವರಿಗೆ ಹೊಳೆಯುತ್ತದೆ. ಗೀಸರನ್ನು ಮೆಕ್ಯಾನಿಕ್ ಬಿಚ್ಚಿ ನೋಡುವವರೆಗೆ ಮತ್ತೆ ಹಚ್ಚಬೇಡಿ.